ಡಬ್ಬದಲ್ಲಿಟ್ಟ ಕಪ್ಪು ಎಣ್ಣೆ

ಅಪ್ಪಾ,

ನಿನ್ನ ಪಿಕಪ್ ಇವತ್ತು ಏರುದಾರಿಯ ಅರ್ಧದಲ್ಲೇ ಕೈಕೊಟ್ಟಿತು. ಇಂಜಿನ್ ಕಿರುಚುತ್ತಿತ್ತು, ಮೂರನೇ ಗೇರ್ ಮಾತ್ರ ಬೀಳಲೇ ಇಲ್ಲ.

ತಪ್ಪು ನನ್ನದೇ. ನೀನಿಲ್ಲದಿದ್ದರೂ ಗಾಡಿ ಚೆನ್ನಾಗಿರಲಿ ಎಂದು ಹೋದ ವಾರ ಗೇರ್‌ಬಾಕ್ಸಿನ ಕಪ್ಪು ಎಣ್ಣೆಯನ್ನೆಲ್ಲ ನಾನೇ ಬಸಿದು ಹೊಸದು ತುಂಬಿದ್ದೆ. ಗಾಡಿಯನ್ನು ಗ್ಯಾರೇಜಿಗೆ ಎಳೆತಂದ ಮೇಲೆ ನಿನ್ನ ಗೆಳೆಯ ಮೆಕ್ಯಾನಿಕ್ ಮಾವ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಮೂಸಿ, ಉಸ್ಸೆಂದರು. "ಒಳಗೆ ಕ್ಲಚ್ ಸವೆದು ಎಷ್ಟೋ ವರ್ಷ ಆಯ್ತಮ್ಮಾ. ಹಳೇ ಎಣ್ಣೆ ಮಡ್ಡೀನೇ ಅದನ್ನ ಹಿಡ್ಕೊಂಡಿತ್ತು. ಅದಕ್ಕೇ ನಿಮ್ಮಪ್ಪ ಗೇರ್ ಬೀಳೋ ಹೊತ್ತಿಗೆ ಆಕ್ಸಿಲರೇಟರ್ ಮೇಲಿಂದ ಕಾಲು ಎತ್ತೋನು."

ನೀನು ಹಾಗೆ ಕಾಲು ಎತ್ತುವಾಗಲೆಲ್ಲ ನಾನು ನಗುತ್ತಿದ್ದೆ. "ಆಟೋಮ್ಯಾಟಿಕ್ ಕಣಪ್ಪಾ, ತಾನೇ ಬೀಳತ್ತೆ. ನೀನೇನು ಅದಕ್ಕೆ ಜೋಗುಳ ಹಾಡ್ತಿದ್ದೀಯಾ?"

"ವಯಸ್ಸಾದೋರನ್ನ ಅವಸರ ಮಾಡಬಾರದು, ಹೇಗೋ ನಡೀತಿದೆಯಲ್ಲ," ಎನ್ನುತ್ತಿದ್ದೆ ನೀನು. ಆಪರೇಷನ್ ಮಾತೆತ್ತಿದಾಗಲೂ ನೀನು ಅದನ್ನೇ ಅಂದಿದ್ದೆ. ಒಪ್ಪಿಸಿದವಳು ನಾನು. ಆಸ್ಪತ್ರೆಯಿಂದ ನೀನು ಮನೆಗೆ ಬರಲೇ ಇಲ್ಲ.

"ಬಸಿದ ಎಣ್ಣೆ ಡಬ್ಬದಲ್ಲೇ ಇಟ್ಟಿದ್ದೀನಿ ಮಾವ," ಎಂದೆ. "ವಾಪಸ್ ಹಾಕಿದ್ರೆ?"

ಅವರು ಒಂದು ಕುರ್ಚಿ ಎಳೆದುಹಾಕಿ ನನ್ನನ್ನು ಕೂರಿಸಿದರು.