ಎಡಗಡೆಯ ಕಾರ್ಬ್ಯುರೇಟರ್

ಮನೆಯಿಂದ
ಮಂಗಳವಾರ, ಮಧ್ಯಾಹ್ನ

ಮುದ್ದಿನ ತಮ್ಮಾ,

ಹೇಗಿದ್ದೀಯೋ? ಕೆಮ್ಮು ಬಿಟ್ಟಿತೇ, ಇಲ್ಲ ಇನ್ನೂ ಬೆಳಗಾದರೆ ಗೂರಲು ಮುದುಕನ ಹಾಗೆ ಗೊರಗೊರ ಅನ್ನುತ್ತೀಯಾ? ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ಅಪ್ಪನ ಜೊತೆ ನಾನೂ ನಿನ್ನ ಭಾವನೂ ಇದ್ದೇವೆ, ಅಷ್ಟೇ. ಚೆನ್ನಾಗಿದ್ದೇವೆ ಎನ್ನಲು ಬಾಯಿ ಬರುವುದಿಲ್ಲ. ಜಗಳವಾಡಿ ಮನೆ ಬಿಟ್ಟವನು ಎಷ್ಟೋ ದಿನದ ಮೇಲೆ ಫೋನ್ ಮಾಡಿ "ಮನೆಗೆ ಬರ್ಲಾ ಅಪ್ಪಾ?" ಎಂದು ಕೇಳಿದೆಯಂತೆ, ಅಪ್ಪ "ಸರಿ, ನಿನ್ನಿಷ್ಟ" ಎಂದು ಇಟ್ಟೇಬಿಟ್ಟರಂತೆ. ಇನ್ನು ಆ ಹೊಸಿಲು ತುಳಿಯುವುದಿಲ್ಲ ಎಂದು ನೀನು ಭಾವನಿಗೆ ಹೇಳಿದ್ದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ಅಪ್ಪನ ಹಳೆಯ ಎರಡು ಸಿಲಿಂಡರ್ ಬೈಕು ಈಚೆಗೆ ನಿಂತಲ್ಲೇ ಜ್ವರ ಬಂದವರಂತೆ ನಡುಗುತ್ತಿತ್ತು. ಎರಡು ಕಾರ್ಬ್ಯುರೇಟರ್ ಒಂದೇ ಸಮ ಗಾಳಿ ಎಳೆಯದಿದ್ದರೆ ಹಾಗಾಗುತ್ತದೆ, ನಿನಗೆ ಗೊತ್ತು. ಅಪ್ಪನ ರೀತಿಯೂ ಗೊತ್ತು: ಎರಡರ ಬಾಯಿಗೂ ಒಂದೊಂದು ರಬ್ಬರ್ ಕೊಳವೆ ಹಿಡಿದು, ಎಡಗಡೆಯದನ್ನು ಎಡಗಿವಿಗೆ, ಬಲಗಡೆಯದನ್ನು ಬಲಗಿವಿಗೆ ಸಿಕ್ಕಿಸಿಕೊಂಡು, ಸುಯ್ಯೆನ್ನುವ ಸದ್ದು ಎರಡರಲ್ಲೂ ಒಂದಾಗುವವರೆಗೆ ಗಾಳಿಯ ಬಾಯಿ ತೆರೆದು ಮುಚ್ಚುವ ಸ್ಕ್ರೂ ತಿರುಗಿಸುವುದು. ಡಾಕ್ಟರು ಬಂದರು ಎಂದು ನಾವು ನಗುತ್ತಿದ್ದೆವಲ್ಲ. ಮೀಟರ್ ಗೀಟರ್ ಎಂದು ಅವರು ಏನನ್ನೂ ಕೊಂಡವರಲ್ಲ. ಈ ಸಲ ಎಷ್ಟು ತಿರುಗಿಸಿದರೂ ನಡುಕ ಹೆಚ್ಚಿತೇ ಹೊರತು ಇಳಿಯಲಿಲ್ಲ. ಅಪ್ಪ ರಿಪೇರಿ ಮಾಡಿಕೊಟ್ಟ ಗಿರಾಕಿಗಳ ಗಾಡಿಗಳೂ ಹೀಗೇ ನಡುಗುತ್ತ ವಾಪಸು ಬರತೊಡಗಿದವು.

ಊಟವಾಗಿ ಅಪ್ಪ ಅಡ್ಡಾದ ಹೊತ್ತಿನಲ್ಲಿ, ನಿನ್ನ ಭಾವ ಗೋಡೆ ಕಟ್ಟುವಾಗ ಮಟ್ಟ ನೋಡುವ ತಮ್ಮ ಪಾರದರ್ಶಕ ಪೈಪು ತಂದರು. ಅದನ್ನು ಉಯ್ಯಾಲೆಯ ಹಾಗೆ ಹಲಗೆಗೆ ಇಳಿಬಿಟ್ಟು ಕಟ್ಟಿ, ತಳಕ್ಕೆ ಒಂದಿಷ್ಟು ಎಣ್ಣೆ ಸುರಿದು, ತುದಿಗಳನ್ನು ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವೆ ಇರುವ ತೂತುಗಳಿಗೆ ಸಿಕ್ಕಿಸಿದೆವು. ಶುರುಮಾಡಿದ್ದೇ ತಡ, ಎಣ್ಣೆಯೆಲ್ಲ ಬಲಕ್ಕೆ ಏರಿಬಿಟ್ಟಿತು. ಎಂಜಿನ್ ಅದನ್ನು ಕುಡಿದೇಬಿಡುತ್ತದೆಂದು ಹೌಹಾರಿ ಆರಿಸಿದೆ. ಬಾಯಿ ಕಡಿಮೆ ತೆರೆದ ಕಡೆಯೇ ಎಂಜಿನ್ನಿನ ಎಳೆತ ಹೆಚ್ಚಲ್ಲವೇ, ಅಂದರೆ ಎಡಗಡೆಯದನ್ನು ಅಪ್ಪ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ತೆರೆದಿಟ್ಟಿದ್ದರು. ಚೂರುಚೂರೇ ಮುಚ್ಚುತ್ತ ಬಂದ ಮೇಲೆ ಎಣ್ಣೆ ಎರಡು ಕಡೆಯೂ ಸಮನಾಗಿ ನಿಂತಿತು, ಗಾಡಿ ಹಾಲು ಕುಡಿದ ಮಗುವಿನ ಹಾಗೆ ತೆಪ್ಪಗಾಯಿತು.

ಅಷ್ಟರಲ್ಲಿ ಅಪ್ಪ ಎದ್ದು ಬಂದರು. ಕೊಳವೆ ಕಿವಿಗಿಟ್ಟು, "ಎಡಗಡೆ ಉಸಿರೇ ಇಲ್ವಲ್ಲೇ, ಯಾರು ಕೈ ಹಾಕಿದ್ದು?" ಎಂದು ಬೈದು, ಮಾಡಿದ್ದನ್ನೆಲ್ಲ ಕೆಡಿಸಿದರು. ಎಂಜಿನ್ ಆರಿದ ಮೇಲೆ ಅವರ ಎಡಕ್ಕೆ ನಿಂತು "ಅಪ್ಪಾ" ಎಂದೆ. ಜೋರಾಗಿ ಕೂಗಿದೆ. ತಿರುಗಲಿಲ್ಲ. ಬಲಕ್ಕೆ ಬಂದು ಕರೆದೆ, ತಿರುಗಿದರು. ಎಡಗಿವಿ ಸೋತಷ್ಟೂ ಆ ಕಡೆಯ ಗಾಳಿಯೇ ಕಡಿಮೆಯೆಂದು ತೆರೆಯುತ್ತ ಬಂದಿದ್ದಾರೆ, ಪಾಪ. ಡಾಕ್ಟರ ಮಾತೆತ್ತಿದರೆ ಹರಿಹಾಯುತ್ತಾರೆ. ಈಗ ಅವರು ಸರಿಮಾಡಿದ ಗಾಡಿಗಳನ್ನು ಅವರು ಮಲಗಿದಾಗ ನಾವು ಕದ್ದು ಸರಿಮಾಡುತ್ತೇವೆ. ಗಿರಾಕಿಗಳು ಅಪ್ಪನ ಕೈಗುಣ ಹೊಗಳುವಾಗ ನನಗೆ ಅಳು ಬರುತ್ತದೆ.

ಭಾವ ನಿನ್ನನ್ನು ಬಹಳ ನೆನೆಯುತ್ತಾರೆ. ಎಲ್ಲಿದ್ದರೂ ತಣ್ಣಗಿರಪ್ಪಾ.

ನಿನ್ನ
ಅಕ್ಕ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ಅಪ್ಪನ ಬಲಗೈಯಲ್ಲಿ ಸದಾ ಸ್ಪಾನರ್. ಫೋನು ಯಾವಾಗಲೂ ಎಡಗಿವಿಗೇ. ನೀನು ಕೇಳಿದ್ದು ಅವರಿಗೆ ಸರಿಯಾಗಿ ಕೇಳಿಸಿಯೇ ಇಲ್ಲ ಕಣೋ, ನಿನ್ನ "ಬರ್ಲಾ" ಅವರಿಗೆ "ಬರಲ್ಲ" ಎಂದಾಗಿರಬೇಕು. ಆವತ್ತು ಫೋನ್ ಇಟ್ಟು, "ಚೆನ್ನಾಗಿದ್ದಾನಂತೆ. ಬರೋದಿಲ್ವಂತೆ" ಎಂದು ಹೇಳಿ, ಊಟಕ್ಕೂ ಏಳಲಿಲ್ಲ. ನಿನ್ನ ಮಾತು ಭಾವನಿಂದ ತಿಳಿದಾಗ, ಅಪ್ಪ ಹೇಳಿದ್ದು ಸುಳ್ಳೆಂದುಕೊಂಡಿದ್ದೆ. ನೀನು ಬರಲು ಕೇಳಿದ್ದೆಯೆಂದು ಈಗ ನಾನು ಎಷ್ಟು ಹೇಳಿದರೂ ಸಮಾಧಾನದ ಮಾತು ಎನ್ನುತ್ತಾರೆ. ಬಲಗಿವಿಯೂ ಮಂದವಾಗುತ್ತಿದೆ. ಬೇಗ ಬಾ. ಅವರ ಬಲಕ್ಕೆ ನಿಂತು ಇನ್ನೊಮ್ಮೆ ಕೇಳು.