ಉಡಿದಾರ ಕಟ್ಟಿಕೊಂಡು ಅಳೆದ ಎಲುಬು

ಚಂದ್ರನ ಕೆಳಪೇಟೆ,
ಫೆಬ್ರವರಿ ಮೂವತ್ತು, ೨೪೬೧

ಭೂಮಿಯ ಮೇಲಿದ್ದ ಅಕ್ಕನವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ; ಇಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ನಾನೂರು ಚಿಲ್ಲರೆ ವರ್ಷ ಹಿಂದಕ್ಕೆ, ನಿಮ್ಮ ಕಾಲಕ್ಕೆ ಹೇಗೆ ಬರುತ್ತದೆಂದೂ ಕೇಳಬೇಡಿ, ಅದು ಅಂಚೆಯವರಿಗೇ ಸರಿಯಾಗಿ ಗೊತ್ತಿಲ್ಲ. ನನ್ನ ಹೆಸರು ದಾನಮ್ಮ. ಎಲುಬಿನ ಸಾಂದ್ರತೆ ಅಳೆಯುವ ಮಂಚ ನೋಡಿಕೊಳ್ಳುವುದು ನನ್ನ ಕೆಲಸ. ಈ ಪರೀಕ್ಷೆ ನಿಮ್ಮ ಕಾಲದ್ದಂತೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಇಲ್ಲಿ ಮೈ ಹಗುರ. ಹೊರೆ ಹೊರದ ಎಲುಬು ಮಂಡಕ್ಕಿಯ ಹಾಗೆ ಟೊಳ್ಳಾಗುತ್ತದೆ. ಹಾಗಾಗಿ ಹೆಸರಿಡುವ ದಿನವೇ ಮಗುವಿಗೆ ಭಾರದ ಉಡಿದಾರ ಕಟ್ಟುತ್ತೇವೆ. ಅಂಗೈಯಗಲದ ಸೀಸದ ಪಟ್ಟಿ ಅದು. ವಯಸ್ಸಿಗೆ ತಕ್ಕಂತೆ ಬೆಳೆಯುತ್ತದೆ. ಸ್ನಾನಕ್ಕೂ ಬಿಚ್ಚುವುದಿಲ್ಲ, ಬಿಚ್ಚುವುದು ಹೆಣದಿಂದ ಮಾತ್ರ. ಪರೀಕ್ಷೆಗೆ ಬಂದವರಿಂದ ಓಲೆ, ಬಳೆ, ಪಿನ್ನು ಎಲ್ಲ ತೆಗೆಸುತ್ತೇನೆ. ಉಡಿದಾರ ಬಿಚ್ಚು ಎನ್ನಲು ಇದುವರೆಗೆ ಯಾರಿಗೂ ಬಾಯಿ ಬಂದಿಲ್ಲ. ಅದು ನಮಗೆ ಒಡವೆಯಲ್ಲ, ಮೈಯೇ.

ಭೂಮಿಗೆ ಹೋಗಲು ಇಳಿಚೀಟಿ ಬೇಕು. ಎಲುಬು ಗಟ್ಟಿಯಿದ್ದವರಿಗಷ್ಟೇ ಅದು ಸಿಗುತ್ತದೆ. ನನ್ನ ಅವ್ವನಿಗೂ ಸಿಕ್ಕಿತ್ತು. ಇಳಿದ ವಾರದಲ್ಲೇ ಹೊಸ್ತಿಲು ದಾಟುವಾಗ ಅವಳ ಸೊಂಟ ಮುರಿಯಿತು, ಮತ್ತೆ ಏಳಲಿಲ್ಲ. ಭೂಮಿಯ ದೃಷ್ಟಿ ತಾಗಿತೆಂದು ನಂಬಿದೆವು.

ಈಗ ನನ್ನ ಮಗಳು ಇಳಾ ಹೊರಟಿದ್ದಾಳೆ. ಸಮುದ್ರ ನೋಡಬೇಕೆಂದು ಚಿಕ್ಕಂದಿನಿಂದ ಅವಳ ಹಟ. ಬೆನ್ನೆಲುಬು ಗಟ್ಟಿ ಎಂದು ಮಂಚ ಹೇಳಿತು, ನಾನೇ ಚೀಟಿಗೆ ಮುದ್ರೆ ಒತ್ತಿದೆ. ನಿನ್ನೆ ಅವಳ ಉಡಿದಾರದ ಕೊಂಡಿ ಮುರಿಯಿತು, ರಿಪೇರಿಗೆ ಕೊಟ್ಟೆವು. ಬರಿಸೊಂಟದಲ್ಲಿ ಭಯವೆಂದು ಬಂದು ನನ್ನ ಮಂಚದ ಮೇಲೆ ಮಲಗಿದಳು. ಸುಮ್ಮನೆ ಯಂತ್ರ ಹಾಕಿ ನೋಡಿದೆ. ಬೆನ್ನೆಲುಬೆಲ್ಲ ಟೊಳ್ಳು.

ಅವಳಿಗೆ ನಗು. "ದಾರ ಇಲ್ಲದಾಗ ನೋಡಿದ್ರ ಮೈ ಸಡ್ಲ ಆಗೇ ಆಗ್ತದವ್ವ. ಕಟ್ಟಿ ನೋಡು" ಅಂದಳು. ನನಗೂ ಹೌದೆನಿಸಿತು. ದಾರ ರಿಪೇರಿಯಾಗಿ ಬಂದ ಮೇಲೆ ಕಟ್ಟಿ ನೋಡಿದೆ: ಗಟ್ಟಿ. ಬಿಚ್ಚಿದರೆ ಟೊಳ್ಳು, ಕಟ್ಟಿದರೆ ಗಟ್ಟಿ. ತಲೆ ಕೆಟ್ಟುಹೋಯಿತು. ಅವಳು ಎದ್ದುಹೋದ ಮೇಲೆ ನನ್ನ ಉಡಿದಾರ ಬಿಚ್ಚಿ ಒಂದು ದಿಂಬಿಗೆ ಸುತ್ತಿ ಮಲಗಿಸಿದೆ. ದಿಂಬಿನ ಬೆನ್ನೆಲುಬು ಬಲು ಗಟ್ಟಿ ಎಂದಿತು ಯಂತ್ರ.

ಅಕ್ಕಾ, ಇಷ್ಟು ತಲೆಮಾರು ಎಲುಬೆಂದು ನಾವು ಅಳೆದದ್ದು ಸೀಸವನ್ನೇ? ಭಾರ ಹೊತ್ತರೆ ಎಲುಬಿಗೆ ಒಳ್ಳೆಯದೆಂಬುದು ಸುಳ್ಳಲ್ಲ. ಕಾಪಾಡುವ ದಾರವೇ ಕಣ್ಣಿಗೆ ಮಣ್ಣೆರಚಿದರೆ ಅದನ್ನು ಮುದ್ದಿಸಲೋ, ಶಪಿಸಲೋ? ಅವ್ವನನ್ನೂ ದಾರ ಕಟ್ಟಿಯೇ ಅಳೆದಿದ್ದರು. ಪಕ್ಕದ ಕೋಣೆಯಲ್ಲಿ ಇಳಾ ಹಾಡುತ್ತಾ ಬಟ್ಟೆ ಮಡಚುತ್ತಿದ್ದಾಳೆ. ನಾಳೆ ಅವಳ ಪ್ರಯಾಣ.

ನಿಮ್ಮಲ್ಲಿ ಒಂದೇ ಬೇಡಿಕೆ. ಆ ಮಂಚದ ಮೇಲೆ ಮಲಗುವ ಮುನ್ನ ಮೈಮೇಲಿನದನ್ನೆಲ್ಲ ಬಿಚ್ಚಿಡಿ. ಯಾವುದನ್ನು ಬಿಚ್ಚಬಾರದೆಂದು ಹಿರಿಯರು ಹೇಳಿದ್ದಾರೋ ಅದನ್ನು ಮೊದಲು ಬಿಚ್ಚಿ. ಮಕ್ಕಳಿಗೂ ಹೇಳಿ, ಅವರು ತಮ್ಮ ಮಕ್ಕಳಿಗೆ ಹೇಳಲಿ. ಅದು ನಮ್ಮವರೆಗೆ ತಲುಪೀತು.

ಬಿಚ್ಚಿದ ಉಡಿದಾರವನ್ನು ನಾನು ಮತ್ತೆ ಕಟ್ಟಿಲ್ಲ. ಇಳಾಳನ್ನು ಕರೆದು, ಅವಳ ಎದುರಿಗೇ ಮಂಚದ ಮೇಲೆ ಮೊದಲು ನಾನು ಮಲಗುತ್ತೇನೆ. ಆಮೇಲೆ ಅವಳ ಇಳಿಚೀಟಿ ಹರಿಯುತ್ತೇನೆ. ಜನ್ಮವಿಡೀ ನನ್ನ ಮೇಲೆ ಸಿಟ್ಟು ಮಾಡಲಿ. ತನ್ನ ಕಾಲ ಮೇಲೆ ನಿಂತು ಮಾಡಲಿ.

ದಾನಮ್ಮ