ಹನ್ನೊಂದು ಬೆಳಗಿನ ಗಂಜಿ

ಬೋಝೌ,
26 ಅಕ್ಟೋಬರ್ 2018

ನನ್ನ ಮುದ್ದು ವಾನ್‌ಚಿಂಗ್,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಹರಿದು ಎಸೆಯಬೇಕೆಂದು ನಿನಗೆ ಅನ್ನಿಸೀತು. ಎಸೆಯಬೇಡ, ಓದು. ಫೋನಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿ ಏಳು ತಿಂಗಳಾಯಿತು. ನಿಮ್ಮಪ್ಪ ಕೂಡ ಎತ್ತುವುದಿಲ್ಲ. ಹೆಫೇಯಲ್ಲಿ ನೀವಿಬ್ಬರೂ ಇರುವ ಮನೆಯ ವಿಳಾಸವನ್ನು ನಿನ್ನ ಸೋದರತ್ತೆಯ ಬಾಯಿಂದ ಹೊರಡಿಸಲು ಇಡೀ ಒಂದು ಮಧ್ಯಾಹ್ನ ಅವಳ ಅಡುಗೆಮನೆಯಲ್ಲಿ ಕೂತು ಕಡುಬು ಮಡಿಸಿಕೊಟ್ಟೆ. ಕೊನೆಗೆ ಅವಳು, "ತಗೋ, ಆದರೆ ನಾನು ಕೊಟ್ಟೆ ಅಂತ ಹೇಳ್ಬೇಡ ಅತ್ತಿಗೆ, ಆ ಹುಡುಗಿ ನನ್ನ ಮುಖಾನೂ ನೋಡಲ್ಲ ಆಮೇಲೆ," ಅಂದಳು. ಅದಕ್ಕೇ ಹೇಳುತ್ತಿದ್ದೇನೆ, ಅವಳೇ ಕೊಟ್ಟಳು.

ಹೊಲಿಗೆಯ ಗಾಯ ಈಗ ಹೇಗಿದೆ? ಚಳಿ ಬಂದರೆ ಎಳೆಯುತ್ತದಂತೆ. ಆ ಮಾತ್ರೆಗಳನ್ನು ಹೊತ್ತು ತಪ್ಪಿಸಬೇಡ. ನಿಮ್ಮಪ್ಪನಿಗೂ ಬೆನ್ನು ಬೆಚ್ಚಗಿಟ್ಟುಕೊಳ್ಳಲು ಹೇಳು. ತನ್ನ ಯಕೃತ್ತಿನ ತುಂಡು ಕೊಟ್ಟು ಮಗಳನ್ನು ಉಳಿಸಿಕೊಂಡ ಗಂಡಸೆಂದು ಬೀದಿಯವರೆಲ್ಲ ಅವರನ್ನು ಹೊಗಳುತ್ತಾರೆ. ಹೊಗಳಲಿ. ಅವರು ಕೊಟ್ಟದ್ದು ಒಂದು ತುಂಡು, ನಾನು ನಿನಗೆ ಕೊಟ್ಟದ್ದು ಇಡೀ ಮೈ. ಅದನ್ನು ಯಾರೂ ಹೇಳುವುದಿಲ್ಲ.

ನಮ್ಮ ಬೇರು-ಮೂಲಿಕೆ ಅಂಗಡಿಗೆ ಬೀಗ ಬಿದ್ದಿದೆ. ಔಷಧ ತಪಾಸಣೆ ಕಚೇರಿಯಿಂದ ಮೂವರು ಬಂದು ನಿನ್ನ ದೂರನ್ನು ನನ್ನೆದುರೇ ಗಟ್ಟಿಯಾಗಿ ಓದಿದರು. ಒಣಗಿಸುವ ಅಟ್ಟದ ಬಾಗಿಲಿಗೆ ಅಡ್ಡಡ್ಡ ಮುದ್ರೆಯೊತ್ತಿದ ಬಿಳಿ ಕಾಗದ ಅಂಟಿಸಿದರು. ಎದುರಿನ ಜಿನ್ಸೆಂಗ್ ಅಂಗಡಿಯವಳು ಕುರ್ಚಿ ಹಾಕಿಕೊಂಡು ನೋಡುತ್ತಿದ್ದಳು. "ಪೇಝಿ, ಮಗಳು ಚೆನ್ನಾಗಿ ಓದಿದ್ದಾಳೆ ಬಿಡು, ಒಂದೂ ತಪ್ಪಿಲ್ಲದ ಹಾಗೆ ಬರೆದಿದ್ದಾಳೆ," ಅಂದಳು. ನಿಜ, ಒಂದೂ ತಪ್ಪಿರಲಿಲ್ಲ. ಆದರೆ ನಿನಗೆ ಗೊತ್ತಿಲ್ಲದ್ದು ಸ್ವಲ್ಪ ಇತ್ತು. ಅದನ್ನು ಹೇಳಿಬಿಡುತ್ತೇನೆ, ಆಮೇಲೆ ಒಂದು ಮಾತು ಕೇಳುತ್ತೇನೆ.

ಇಪ್ಪತ್ತಾರನೆಯ ವಯಸ್ಸಿಗೆ ನಿನ್ನ ಕಿವಿಯ ಪಕ್ಕ ಕೂದಲು ನೆರೆತಿತ್ತು. ಫಾನ್ ಮನೆಯವರು ಹೆಣ್ಣು ನೋಡಲು ಬಂದಾಗ ನೀನು ಟೀ ತಂದಿಟ್ಟು ಒಳಗೆ ಹೋದೆ. ಹುಡುಗನ ತಾಯಿ ನನ್ನ ಕಡೆ ಬಾಗಿ, "ಅಲ್ಲ, ಈಗ ಟೀ ಕೊಟ್ಟಿದ್ದು ಹುಡುಗೀನಾ, ಹುಡುಗಿಯ ದೊಡ್ಡಮ್ಮನಾ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪರದೆಯ ಹಿಂದೆ ನೀನು ನಿಂತಿರುವುದು ಕೆಳಗೆ ಕಂಡ ನಿನ್ನ ಚಪ್ಪಲಿಯಿಂದ ನನಗೆ ಗೊತ್ತಾಗಿತ್ತು, ಆದರೂ ನಕ್ಕೆ.

ಮರುದಿನವೇ ಶೋವು ಗೆಡ್ಡೆ ಕುದಿಯಲು ಇಟ್ಟೆ. ನಾನು ಹುಟ್ಟಿ ಬೆಳೆದದ್ದೇ ಆ ಗೆಡ್ಡೆಯ ಹಬೆಯಲ್ಲಿ. ಹಸಿಯದು ಮುದುಕರ ಮಲಬದ್ಧತೆಗೆ, ಬೇಯಿಸಿದ್ದು ಮೊಣಕಾಲಿನ ನಿಶ್ಶಕ್ತಿಗೆ, ಬಾಣಂತಿಯ ರಕ್ತಹೀನತೆಗೆ, ಎಲ್ಲಕ್ಕಿಂತ ಹೆಚ್ಚಾಗಿ ನೆರೆತ ಕೂದಲಿಗೆ. ಕಪ್ಪು ಸೋಯಾ ಕಾಳಿನ ರಸದಲ್ಲಿ ನೆನೆಸಿ, ಹಬೆಯಲ್ಲಿ ಬೇಯಿಸಿ, ಬಿಸಿಲಿಗೆ ಹರವಬೇಕು. ಹೀಗೆ ಒಂಬತ್ತು ಸಲ. ನನ್ನಪ್ಪ ಬೆರಳು ಮಡಿಸಿ ಎಣಿಸುತ್ತಿದ್ದರು. ಎಂಟಾಗಿ ಮಳೆ ಬಂದರೆ ಇಡೀ ರಾಶಿಯನ್ನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

ನಾನು ಹಾಗೆ ಮಾಡಲಿಲ್ಲ. ಅದರ ಹಿಂದಿನ ಶರತ್ಕಾಲದಲ್ಲಿ ಬಿಸಿಲೇ ಬಿದ್ದಿರಲಿಲ್ಲ, ಗಿರಾಕಿಗಳು ಮಾತ್ರ ಬಾಗಿಲಲ್ಲೇ ನಿಂತಿದ್ದರು. ನಾಲ್ಕು ಸಲ ಬೇಯಿಸಿ, ಕೊನೆಗೆ ಕಾಳಿನ ರಸ ಗಟ್ಟಿಯಾಗಿ ಕುದಿಸಿ ಅದರಲ್ಲಿ ಅದ್ದಿ ತೆಗೆದೆ. ಒಳ್ಳೆಯ ಕಪ್ಪು ಬಂತು. ನೋಡಿ ಹೇಳಬಲ್ಲವರು ಈ ಇಡೀ ಪೇಟೆಯಲ್ಲಿ ಇಬ್ಬರೋ ಮೂವರೋ, ಅವರೂ ಅದನ್ನೇ ಮಾಡುವವರು. ನಿನಗೆ ಕುದಿಸಿಕೊಟ್ಟದ್ದು ಆ ರಾಶಿಯದೇ.

ನೀನು ಐವತ್ತು ದಿನ ಕುಡಿದೆ. ಅಂಗಡಿಯ ಗೋಡೆಯ ಮೇಲೆ ನಿನ್ನ ಎರಡು ಫೋಟೋ ಹಾಕಿದೆನಲ್ಲ, ಕುಡಿಯುವ ಮೊದಲಿನದು ಒಂದು, ಆಮೇಲಿನದು ಒಂದು. ಎರಡನೆಯದನ್ನು ತೆಗೆಸುವ ಹಿಂದಿನ ದಿನ ಸಲೂನಿಗೆ ಕರೆದುಕೊಂಡು ಹೋಗಿ ಬಣ್ಣ ಹಾಕಿಸಿದ್ದು ನಾನೇ. "ಅಮ್ಮ, ಇದು ಮೋಸ ಅಲ್ವಾ?" ಅಂತ ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದೆ. "ಇನ್ನೊಂದು ತಿಂಗಳಿಗೆ ಹೇಗೂ ಹೀಗೇ ಆಗುತ್ತೆ, ಸ್ವಲ್ಪ ಮುಂಚೆ ತೋರಿಸ್ತಿದ್ದೀವಿ ಅಷ್ಟೆ," ಅಂದೆ. ಆ ಫೋಟೋ ನೋಡಿಯೇ ಹಬೆ ಬನ್ನು ಮಾರುವ ನಿಯೆ ಅಕ್ಕ ಗೆಡ್ಡೆ ಕೊಂಡದ್ದು. "ನನ್ನ ಗಂಡ ನನ್ನನ್ನ ಅತ್ತೆ ಅನ್ನೋ ಮೊದಲು ಏನಾದ್ರೂ ಕೊಡಮ್ಮ," ಅಂತ ನಗುತ್ತಾ ಕೇಳಿದ್ದಳು.

ಹೋದ ವರ್ಷ ಜುಲೈಯಲ್ಲಿ ನಿನ್ನ ಕಣ್ಣು ಹಳದಿಯಾಯಿತು. ಮೂತ್ರ ಕಡು ಟೀಯ ಹಾಗಿದೆ ಎಂದೆ ನೀನು. ಅನ್ನದ ವಾಸನೆಗೇ ವಾಕರಿಸುತ್ತಿದ್ದೆ. ವಿಷ ಹೊರಗೆ ಹೋಗುತ್ತಿದೆ, ಇನ್ನೂ ಒಂದು ವಾರ ಕುಡಿ ಎಂದವಳು ನಾನು. ನಿಮ್ಮಪ್ಪ ಕೇಳಲಿಲ್ಲ, ಇಲ್ಲಿನ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ಡಾಕ್ಟರು ಗೆಡ್ಡೆ ನಿಲ್ಲಿಸಿದರು. ನಿನ್ನ ಕಡತದ ಮೇಲೆ ಅದರ ಹೆಸರನ್ನು ಕೆಂಪು ಅಕ್ಷರದಲ್ಲಿ ಬರೆದು, "ಇನ್ನೊಂದ್ಸಲ ಇದನ್ನ ಬಾಯಿಗಿಟ್ಟರೆ ಈ ಸಲದ ಹಾಗಿರಲ್ಲ. ಬೇಗ ಬರುತ್ತೆ, ಜೋರಾಗಿ ಬರುತ್ತೆ," ಎಂದರು. ಅವರು ಹೇಳಿದ್ದು ನಿನಗಲ್ಲ, ನನಗೆ. ನನ್ನ ಕಣ್ಣನ್ನೇ ನೋಡಿ ಹೇಳಿದರು. ಎರಡು ತಿಂಗಳಿಗೆ ನೀನು ಪೂರ್ತಿ ಸರಿಹೋದೆ.

ಫಾನ್ ಹುಡುಗ ಯುಝೆಯ ಜೊತೆ ಮದುವೆ, ಹೊಸ ವರ್ಷದ ವಸಂತ ಹಬ್ಬಕ್ಕೆ ಮುಂಚೆ ಎಂದು ನಿಶ್ಚಯವಾಗಿತ್ತು. ಬಣ್ಣ ಇಳಿದು ಮತ್ತೆ ಬಿಳಿ ಕಾಣತೊಡಗಿತು. ಇನ್ನು ಬಣ್ಣವೂ ಬೇಡ, ಗೆಡ್ಡೆಯೂ ಬೇಡ ಎಂದೆ ನೀನು. "ಯುಝೆಗೆ ಹೇಳಿದ್ದೀನಿ ಅಮ್ಮ. ಅವನಿಗೇನೂ ಬೇಜಾರಿಲ್ಲವಂತೆ. ಮುದುಕಿ ಮದುಮಗಳು ಅಂತ ಜನ ನಗಲಿ ಬಿಡು," ಎಂದು ನಕ್ಕೆ. ನೀನು ಅಷ್ಟು ಹಗುರಾಗಿ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಸಹಿಸಲಾಗಲಿಲ್ಲ. ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ. ಫಾನ್ ತಾಯಿ ನಗುವಾಗ ಅವಳ ಜೊತೆ ನಗಬಲ್ಲವಳಿಗೆ ನಿನ್ನ ಜೊತೆ ನಗಲು ಆಗಲಿಲ್ಲ.

ಅದರ ಮರುದಿನದಿಂದ ಹನ್ನೊಂದು ಬೆಳಿಗ್ಗೆ ನಾನು ನಿನಗೆ ಮಾಡಿಕೊಟ್ಟ ಕರಿ ಎಳ್ಳಿನ ಗಂಜಿಯಲ್ಲಿ ಶೋವು ಪುಡಿ ಇತ್ತು. ದಿನಕ್ಕೆ ಎರಡು ಚಮಚ. ಮೂರನೆಯ ದಿನ, "ಅಮ್ಮ, ಯಾಕೋ ಕಹಿ," ಎಂದೆ. "ಎಳ್ಳು ಹಳೇದು," ಅಂದು ಇನ್ನಷ್ಟು ಸಕ್ಕರೆ ಹಾಕಿದೆ. ನೀನು ಬಟ್ಟಲು ಬರಿದು ಮಾಡಿ, "ಸಿಹಿ ಜಾಸ್ತಿಯಾಯ್ತು," ಎಂದು ನನ್ನ ಕೆನ್ನೆ ಹಿಂಡಿ ಶಾಲೆಗೆ ಹೋದೆ. ಹನ್ನೆರಡನೆಯ ದಿನ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಾಗಲೇ ಕುಸಿದೆ.

ನಿನ್ನನ್ನು ಸೇರಿಸಿದ ಹೆಫೇಯ ಆಸ್ಪತ್ರೆಯಲ್ಲಿ ಡಾಕ್ಟರ್ ಬಿಯಾನ್ ನನ್ನನ್ನು ಕಾರಿಡಾರಿನ ಬೆಂಚಿನ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡರು. ನಿನಗಿಂತ ಹತ್ತು ವರ್ಷ ದೊಡ್ಡವರಿರಬಹುದು. "ಏನಾದ್ರೂ ಕೊಟ್ಟಿದ್ರಾ ಅಮ್ಮ? ನಾನು ಬೈಯಲ್ಲ, ಹೇಳಿಬಿಡಿ," ಎಂದರು. "ಬರೀ ಗಂಜಿ," ಅಂದೆ. ಮರುದಿನ ಕೇಳಿದರು. ಬರೀ ಗಂಜಿ. ಅದರ ಮರುದಿನವೂ ಕೇಳಿದರು. ಅಷ್ಟರಲ್ಲಿ ನಿನಗೆ ದಿನ ಯಾವುದೆಂದು ತಿಳಿಯುತ್ತಿರಲಿಲ್ಲ, ನನ್ನನ್ನು "ಟೀಚರ್" ಎಂದು ಕರೆಯುತ್ತಿದ್ದೆ. ಆಗಲೂ ಬರೀ ಗಂಜಿ ಎಂದೆ. ನಿನಗೆ ಬಟ್ಟೆ ತರಲು ಮನೆಗೆ ಬಂದಿದ್ದ ನಿಮ್ಮಪ್ಪ ಎಳ್ಳಿನ ಡಬ್ಬಿ ಮೂಸಿ ನೋಡಿ ನನಗೆ ಫೋನ್ ಮಾಡಿದರು. "ಪೇಝಿ, ಇದು ಎಳ್ಳಲ್ಲ," ಎಂದರು. "ಅಲ್ಲ," ಎಂದೆ. ಅವರು ಬೈಯಲಿಲ್ಲ. ಅಂದಿನಿಂದ ಇಂದಿನವರೆಗೆ ನನ್ನ ಹತ್ತಿರ ಇನ್ನೊಂದು ಮಾತೂ ಆಡಿಲ್ಲ.

ನಿಮ್ಮಿಬ್ಬರನ್ನೂ ಒಳಗೆ ಕೊಯ್ಯುತ್ತಿದ್ದ ದಿನ ಡಾಕ್ಟರ್ ಬಿಯಾನ್ ಅವರನ್ನು ತಡೆದು ನಿಲ್ಲಿಸಿ ಕೇಳಿದೆ, ಒಂಬತ್ತೂ ಸಲ ಬೇಯಿಸಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು. "ಅಪಾಯ ಕಡಿಮೆಯಾಗಿರಬಹುದು, ಹೋಗಲ್ಲ," ಎಂದರು. "ಸಾವಿರಾರು ಜನ ತಿಂತಾರೆ, ಹೆಚ್ಚಿನವರಿಗೆ ಏನೂ ಆಗಲ್ಲ. ಕೆಲವರಿಗೆ ಹುಟ್ಟಿನಿಂದಲೇ ಅದು ಒಗ್ಗಲ್ಲ. ಯಾರಿಗೆ ಅಂತ ಮುಖ ನೋಡಿ ಹೇಳಕ್ಕಾಗಲ್ಲ. ಆದರೆ ನಿಮ್ಮ ಮಗಳ ವಿಷಯ ಗೊತ್ತಿತ್ತಲ್ಲ, ಕೆಂಪಕ್ಷರದಲ್ಲಿ ಬರೆದಿತ್ತಲ್ಲ." ಹಾಗಾದರೆ ಕೂದಲು ಕಪ್ಪಾಗುವುದೂ ಸುಳ್ಳೇ ಎಂದೆ. "ಇಲಿಗಳ ಮೇಲೆ ಏನೋ ಕಂಡಿದ್ದಾರೆ. ಮನುಷ್ಯರ ಮೇಲೆ ನಂಬೋವಂಥ ಪರೀಕ್ಷೆ ಆಗಿಲ್ಲ. ನೀವು ಸಾಕಿದ್ದು ಇಲಿ ಅಲ್ಲವಲ್ಲಮ್ಮ," ಎಂದು ಹೊರಟುಹೋದರು.

ಮನೆಗೆ ಬಂದು ಅದೇ ಡಬ್ಬಿಯ ಪುಡಿಯನ್ನು ನಾನೂ ತಿಂದೆ. ದಿನಕ್ಕೆ ಎರಡು ಚಮಚವಲ್ಲ, ನಾಲ್ಕು. ಡಬ್ಬಿ ಮುಗಿಯುವವರೆಗೂ ತಿಂದೆ. ದಿನಾ ಮುಖ ತೊಳೆದು ಕನ್ನಡಿಯಲ್ಲಿ ಕಣ್ಣಿನ ರೆಪ್ಪೆ ಎಳೆದು ನೋಡಿಕೊಳ್ಳುತ್ತಿದ್ದೆ. ಹಳದಿಯಾಗಲಿ ಎಂದು ಕಾದೆ. ಬೆಳ್ಳಗೇ ಇತ್ತು. ಕೂದಲೂ ಬೆಳ್ಳಗೇ ಇತ್ತು. ನನಗೆ ಏನೂ ಆಗಲಿಲ್ಲ, ವಾನ್‌ಚಿಂಗ್. ಹಸಿವು ಕೂಡ ಕಡಿಮೆಯಾಗಲಿಲ್ಲ.

ಫಾನ್ ಮನೆಯವರು ಮಾರ್ಚ್‌ನಲ್ಲಿ ಬಂದು, ಮಕ್ಕಳಾಗುವ ಬಗ್ಗೆ ಡಾಕ್ಟರು ಖಾತ್ರಿ ಕೊಡುತ್ತಿಲ್ಲ ಎಂದು ಹೇಳಿ, ಸಂಬಂಧ ಬಿಟ್ಟು ಹೋದರು. ಯುಝೆ ಕಾರಿನಿಂದ ಇಳಿಯಲೇ ಇಲ್ಲ. ಇದನ್ನು ನಿನಗೆ ಹೇಳಬಾರದೆಂದು ನಿಮ್ಮಪ್ಪ, ಅವನೇ ಅತ್ತುಕೊಂಡು ಬಂದಿದ್ದನೆಂದು ಸುಳ್ಳು ಹೇಳಿದ್ದಾರಂತೆ. ಅಳಲಿಲ್ಲ. ಕಾರಿನಲ್ಲಿ ಕೂತು ಫೋನ್ ನೋಡುತ್ತಿದ್ದ. ನಿನಗೆ ನಿಜ ಬೇಕಲ್ಲವೇ, ದೂರಿನಲ್ಲಿ ನೀನೇ ಹಾಗೆ ಬರೆದಿದ್ದೆ.

ನಿಯೆ ಅಕ್ಕ ಆಗಸ್ಟ್‌ನಲ್ಲಿ ತೀರಿಕೊಂಡಳು. ಅವಳಿಗೆ ಹಳದಿ ಬಂದ ಸುದ್ದಿ ಕೇಳಿ ನಾನು ಹೋಗಿ ಎಚ್ಚರಿಸಬೇಕಿತ್ತು ಎಂದು ನೀನು ದೂರಿನಲ್ಲಿ ಬರೆದಿದ್ದೀಯ. ಹೋಗಿದ್ದೆ. ಬನ್ನಿನ ಅಂಗಡಿಯವರೆಗೂ ಹೋಗಿದ್ದೆ. ಅವಳ ಗಂಡ ಹಬೆ ಪೆಟ್ಟಿಗೆ ತೆಗೆಯುತ್ತಾ, "ಪೇಝಿ ಅಕ್ಕ, ಇವಳಿಗೆ ಕಾಮಾಲೆ. ನಿಮ್ಮ ಕಡೆ ಒಳ್ಳೇ ಬೇರು ಏನಾದ್ರೂ ಇದೆಯಾ?" ಎಂದ. ನೋಡಿ ಹೇಳುತ್ತೇನೆ ಎಂದು ನಾಲ್ಕು ಬನ್ನು ಕೊಂಡು ಬಂದೆ. ಬಾಯಿ ಬಿಟ್ಟಿದ್ದರೆ ಅಂಗಡಿ ಅಂದೇ ಮುಚ್ಚುತ್ತಿತ್ತು. ಅವಳು ಮದ್ಯವನ್ನೂ ಕುಡಿಯುತ್ತಿದ್ದಳು ಎಂದು ಜನ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ನಾನೂ ಒಬ್ಬಳು.

ಈಗ ನಾನು ಕೇಳುವ ಮಾತು. ಇದರ ಜೊತೆ ಒಂದು ಕಾಗದ ಇಟ್ಟಿದ್ದೇನೆ. ಗೆಡ್ಡೆಯನ್ನು ನೀನೇ ಇಂಟರ್‌ನೆಟ್‌ನಲ್ಲಿ ತರಿಸಿ ತಿಂದೆ, ಕೋಪದಲ್ಲಿ ತಾಯಿಯ ಮೇಲೆ ದೂರು ಬರೆದೆ, ಈಗ ಹಿಂತೆಗೆದುಕೊಳ್ಳುತ್ತೀಯ ಎಂದು ಅದರಲ್ಲಿದೆ. ಸಹಿ ಹಾಕಿ ಕಳಿಸು. ನೀನು ಬದುಕಿದ್ದೀಯ, ನಿಮ್ಮಪ್ಪ ಬದುಕಿದ್ದಾರೆ. ನನಗೆ ಅಂಗಡಿಯೊಂದೇ ಉಳಿದಿರುವುದು. ನನ್ನನ್ನು ಕ್ಷಮಿಸು ಎಂದು ನಾನು ಕೇಳಿಲ್ಲ, ನೀನು ಗಮನಿಸಿರಬಹುದು. ನಿನ್ನಿಂದ ಆಗದ್ದನ್ನು ಯಾಕೆ ಕೇಳಲಿ. ಸಹಿ ಹಾಕುವುದು ಸುಲಭ.

ಚಳಿಗೆ ಉಣ್ಣೆಯ ಕಾಲುಚೀಲ ಹೆಣೆದಿಟ್ಟಿದ್ದೇನೆ. ಅದನ್ನೂ ಕಳಿಸಲೇ, ಬೇಡವೇ ಎಂದು ನಿನ್ನ ಅತ್ತೆಯ ಬಾಯಲ್ಲಾದರೂ ಹೇಳಿಸು.

ನಿನ್ನನ್ನು ಹೆತ್ತ,
ಅಮ್ಮ

ಮರೆತ ಮಾತು: ಕಾಗದಕ್ಕೆ ನೀನು ಸಹಿ ಹಾಕಿದರೂ ಹಾಕದಿದ್ದರೂ ನಡೆಯುತ್ತದೆ. ಅಂಥದೇ ಇನ್ನೊಂದನ್ನು ಸೋಮವಾರವೇ ಕಚೇರಿಗೆ ಕೊಟ್ಟಾಗಿದೆ. ನಿನ್ನ ಸಹಿ ನಾನೇ ಹಾಕಿದೆ, ಕೆಂಪು ಮಸಿಯ ಹೆಬ್ಬೆಟ್ಟೂ ನನ್ನದೇ. ಮುಂದಿನ ವಾರ ಅವರು ನಿನಗೆ ಫೋನ್ ಮಾಡಿ ಕೇಳುತ್ತಾರೆ. ಹೌದು ಎಂದರೆ ಅಂಗಡಿ ತೆರೆಯುತ್ತದೆ. ಅಲ್ಲ ಎಂದರೆ ನನ್ನನ್ನು ಜೈಲಿಗೆ ಒಯ್ಯುತ್ತಾರೆ. ಎರಡರಲ್ಲಿ ಯಾವುದಾದರೂ ಹೇಳು, ಆದರೆ ನೀನೇ ಹೇಳು. ಇನ್ನು ಮುಂದೆ ನಮ್ಮಿಬ್ಬರಲ್ಲಿ ಸುಳ್ಳು ಹೇಳಿದವಳು, ತನ್ನವರಿಗೆ ಕೇಡು ಮಾಡಿದವಳು ನಾನೊಬ್ಬಳೇ ಎನಿಸಿಕೊಳ್ಳಬಾರದು.